ಸಹಾಯ ಬೇಕು: ಮುಷ್ಕರ ಶುರುವಾಗುವ ಮೊದಲೇ ಮೊಕದ್ದಮೆಯೇ?

ಕಾರ್ಮಿಕ ಕಾನೂನು ಬಲ್ಲವರು ಇತ್ತ ಗಮನ ಕೊಡಿ. ಅಮೆರಿಕದಲ್ಲಿ ಕಾರು ತಯಾರಿಸುವ ಸ್ಟೆಲಾಂಟಿಸ್ ಕಂಪನಿ ಮತ್ತು ವಾಹನ ಉದ್ಯಮದ ಯುಎಡಬ್ಲ್ಯು ಕಾರ್ಮಿಕ ಸಂಘದ ನಡುವಿನ ಜಗಳದ ಬಗ್ಗೆ ಲೇಖನ ಬರೆಯುತ್ತಾ ಒಂದು ಕಡೆ ಸಿಕ್ಕಿಬಿದ್ದಿದ್ದೇನೆ.

2023ರ ಮುಷ್ಕರದ ನಂತರದ ಒಪ್ಪಂದದಲ್ಲಿ ಇಲಿನಾಯ್‌ನ ಬೆಲ್ವಿಡೀರ್ ಕಾರು ಘಟಕವನ್ನು ಮತ್ತೆ ತೆರೆಯುವ ಮಾತಿತ್ತು. 2024ರಲ್ಲಿ ಕಂಪನಿ ಅದನ್ನು ಮುಂದೂಡಿತು, ಸಂಘ ಮುಷ್ಕರದ ಮಾತೆತ್ತಿತು. ಲಾಸ್ ಏಂಜಲೀಸ್ ಭಾಗದ ಬಿಡಿಭಾಗ ಕೇಂದ್ರದ ಕಾರ್ಮಿಕರು ಮುಷ್ಕರದ ಬಗ್ಗೆ ಮತ ಹಾಕುವ ಹೊತ್ತಿಗೆ, ಅಕ್ಟೋಬರ್‌ನಲ್ಲಿ, ಕಂಪನಿ ಸಂಘದ ವಿರುದ್ಧ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿತ್ತು. ಹೂಡಿಕೆಯ ಭರವಸೆ ಮಾರುಕಟ್ಟೆಯ ಸ್ಥಿತಿಗೆ ಒಳಪಟ್ಟಿದೆ ಎಂಬುದು ಅದರ ವಾದವಾಗಿತ್ತು. ಮಾತು ಕೊಡುವಾಗಲೇ ಜಾರಿಕೊಳ್ಳುವ ಬಾಗಿಲನ್ನೂ ಇಟ್ಟುಕೊಂಡಂತೆ ನನಗೆ ಕಾಣುತ್ತದೆ, ಇರಲಿ.

ನನ್ನ ಗೊಂದಲ ಬೇರೆ. 1932ರ ನಾರಿಸ್-ಲಾಗಾರ್ಡಿಯಾ ಕಾಯ್ದೆ ಮುಷ್ಕರದ ಮೇಲೆ ತಡೆಯಾಜ್ಞೆ ಕೊಡದಂತೆ ಫೆಡರಲ್ ನ್ಯಾಯಾಲಯಗಳ ಕೈ ಕಟ್ಟಿಹಾಕಿದೆ. ಅಮೆರಿಕದ ಸುಪ್ರೀಂ ಕೋರ್ಟ್‌ನ 1970ರ ಬಾಯ್ಸ್ ಮಾರ್ಕೆಟ್ಸ್ ತೀರ್ಪು ಒಂದು ವಿನಾಯಿತಿ ಕೊಟ್ಟಿತು: ಒಪ್ಪಂದದಲ್ಲಿ ಮುಷ್ಕರ ನಿಷೇಧ ಇದ್ದು, ವಿವಾದ ಮಧ್ಯಸ್ಥಿಕೆಗೆ ಹೋಗಬೇಕಾದದ್ದಾಗಿದ್ದರೆ ತಡೆಯಾಜ್ಞೆ ಸಾಧ್ಯ. ಆದರೆ ಹೂಡಿಕೆಯ ವಿಷಯದಲ್ಲಿ ಮುಷ್ಕರಕ್ಕೆ ಒಪ್ಪಂದವೇ ಅವಕಾಶ ಕೊಟ್ಟಿದೆ ಎಂದು ಸಂಘ ಹೇಳಿದಾಗ ಆ ವಿನಾಯಿತಿ ಅನ್ವಯಿಸುತ್ತದೆಯೇ? ಬರಿಯ ಬೆದರಿಕೆಗೆ 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆಯ 301ನೇ ಸೆಕ್ಷನ್ (ಕಾರ್ಮಿಕ ಒಪ್ಪಂದ ಮುರಿದರೆ ಮೊಕದ್ದಮೆ ಹೂಡುವ ಅವಕಾಶ) ಅಡಿ ಪರಿಹಾರ ಕೇಳಬಹುದೇ? ತಿಳಿದವರು ತೀರ್ಪಿನ ಹೆಸರು ಸಮೇತ ಹೇಳಿದರೆ ಉಪಕಾರವಾಗುತ್ತದೆ.