ಶಿವಮೊಗ್ಗದಿಂದ ಚಿಕ್ಕಮಗಳೂರಿಗೆ: ಒಳ್ಳೆಯ ಕಾಫಿ, ತಡವಾದ ತಿಂಡಿ ಎಲ್ಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ, ಬಾಳೆಹೊನ್ನೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಹೊರಟಿದ್ದೇವೆ. ಒಳ್ಳೆಯ ಫಿಲ್ಟರ್ ಕಾಫಿಯ ಜೊತೆಗೆ ಹತ್ತು ಗಂಟೆಯ ನಂತರವೂ ಬಿಸಿ ತಿಂಡಿ ಸಿಗುವ ಹೋಟೆಲನ್ನು ಗುರುತಿಸುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ, ಕೊಪ್ಪದಿಂದ:
ತೀರ್ಥಹಳ್ಳಿಯ ಸುತ್ತ ಅಡಿಕೆಯದೇ ಮೇಲುಗೈ. ಕೊಪ್ಪ ದಾಟಿದ ಮೇಲೆ ಕಾಫಿ ತೋಟಗಳು ದಟ್ಟವಾಗುತ್ತವೆ. ಆದರೆ ತೋಟ ಪಕ್ಕದಲ್ಲಿದ್ದ ಮಾತ್ರಕ್ಕೆ ಲೋಟದಲ್ಲಿರುವ ಕಾಫಿ ಚೆನ್ನಾಗಿರಬೇಕೆಂದಿಲ್ಲ. ಚಿಕೋರಿ ಮಿಶ್ರಿತ ಪುಡಿಯಲ್ಲಿ ಕಾಫಿಯ ಅಂಶ ಶೇ. 51ರಷ್ಟಿದ್ದರೂ ಕಾನೂನು ಒಪ್ಪುತ್ತದೆ, ಆದ್ದರಿಂದ ಚಿಕೋರಿ ಎಷ್ಟೆಂದು ಸಂಕೋಚವಿಲ್ಲದೆ ಕೇಳಿ. ನಾನಂತೂ ಮೊದಲು ನೋಡುವುದು ಡಿಕಾಕ್ಷನ್ ಪಾತ್ರೆಯನ್ನು: ಸ್ವಲ್ಪ ಸ್ವಲ್ಪವೇ ಆಗಾಗ ಇಳಿಸುವ ಕಡೆ ನಿಶ್ಚಿಂತೆಯಿಂದ ಕುಳಿತುಕೊಳ್ಳಬಹುದು, ಬೆಳಗಿನ ಜಾವ ಇಳಿಸಿದ್ದನ್ನೇ ಒಲೆಯ ಮೇಲಿಟ್ಟು ಮತ್ತೆ ಮತ್ತೆ ಕಾಯಿಸಿದರೆ ಪರಿಮಳ ಹಾರಿಹೋಗಿ ಬರೀ ಕಹಿ ಉಳಿಯುತ್ತದೆ.

ಉತ್ತರ, ತೀರ್ಥಹಳ್ಳಿಯಿಂದ:
ಸಣ್ಣ ಊರುಗಳಲ್ಲಿ ಕಡುಬು ಬೇಗನೆ ಖಾಲಿಯಾಗುತ್ತದೆ. ತಡವಾಗಿ ಹೋಗುವವರು, ಕೇಳಿದ ಮೇಲೆ ಅಕ್ಕಿರೊಟ್ಟಿ ತಟ್ಟಿ ಕಾವಲಿಗೆ ಹಾಕುವ ಕಡೆ ಹೋಗುವುದು ಒಳ್ಳೆಯದು. ಹೋಂಸ್ಟೇ ಆದರೆ ಹಿಂದಿನ ದಿನವೇ ಫೋನ್ ಮಾಡಿ, ಹಿರಿಯರಿಗೆ ಖಾರ ಕಡಿಮೆ ಇರಲಿ ಎಂದು ಹೇಳಿಡಿ.

ಉತ್ತರ, ಚಿಕ್ಕಮಗಳೂರಿನಿಂದ:
ಕೊಪ್ಪದವರ ಮಾತು ಸರಿ. ಇನ್ನೊಂದು ವಿಷಯ: ಬಾಬಾಬುಡನ್‌ಗಿರಿ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕಣ್ಣೆದುರೇ ಬೀಜ ಹುರಿದು ಪುಡಿ ಮಾಡುವ ಅಂಗಡಿಯಲ್ಲಿ ಅದನ್ನು ಕೇಳಿ, ಚಿಕೋರಿಯಿಲ್ಲದೆ ಕಾಲು ಕಿಲೋ ಕೊಂಡುಕೊಳ್ಳಿ.