ಸಬ್‌ವೂಫರ್‌ನ ಫೋಮ್ ರಿಂಗ್ ಉದುರಿದೆ: ಸ್ವತಃ ಅಂಟಿಸಿದವರು, ಅಂಗಡಿಗೆ ಕೊಟ್ಟವರು ಅನುಭವ ತಿಳಿಸಿ

ಮೈಸೂರಿನ ಪ್ರಶ್ನೆಗಾರ:
2006ರಲ್ಲಿ ಕೊಂಡ 12 ಇಂಚಿನ ಸಬ್‌ವೂಫರ್ (ಕೆಳಸ್ವರಗಳ ಸ್ಪೀಕರ್) ನಮ್ಮ ಮನೆಯಲ್ಲಿದೆ. ಕಳೆದ ವಾರ ಜಾಲರಿ ತೆಗೆದು ದೂಳು ಒರೆಸುವಾಗ ಬಟ್ಟೆ ತಾಗಿದ್ದೇ ತಡ, ಕೋನ್‌ನ, ಅಂದರೆ ಕಂಪಿಸಿ ಸದ್ದು ಹೊರಡಿಸುವ ಬಟ್ಟಲಿನ, ಸುತ್ತಲಿನ ಫೋಮ್ ಜಿಗುಟು ಪುಡಿಯಾಗಿ ಉದುರಿತು. ಕೋನ್, ಅದನ್ನು ಹಿಂದಿನಿಂದ ಹಿಡಿದಿಡುವ ಸುಕ್ಕಿನ ಬಟ್ಟೆ (ಸ್ಪೈಡರ್) ಎರಡೂ ಸರಿಯಾಗಿವೆ. ಮೀಟರ್ ಇಟ್ಟರೆ ಕಾಯಿಲ್ (ಕೋನ್‌ಗೆ ಅಂಟಿದ ತಂತಿಯ ಸುರುಳಿ) 3.4 ಓಮ್ ತೋರಿಸುತ್ತದೆ, ಅಂದರೆ ಅದೂ ಸರಿಯಿದೆ. ಪೆಟ್ಟಿಗೆ ಪೂರ್ತಿ ಮುಚ್ಚಿದ ಬಗೆಯದು. ತೊಡಕೆಂದರೆ, ಫೋಮ್‌ನ ಒಳ ಅಂಚನ್ನು ಕೋನ್‌ನ ಮುಂಬದಿಗಲ್ಲ, ಹಿಂಬದಿಗೆ ಅಂಟಿಸಿದ್ದಾರೆ. ಇಂಥದ್ದಕ್ಕೆ ನಾನೇ ಹೊಸ ರಿಂಗ್ ಕೂರಿಸಬಹುದೇ?

ಮಂಗಳೂರಿನ ಕೇಳುಗ:
ಕರಾವಳಿಯ ನಮಗೆ ಈ ರೋಗ ಹೊಸದಲ್ಲ. ಈ ಫೋಮ್ ಪಾಲಿಯುರೇಥೇನ್‌ನದು. ಅದರಲ್ಲೂ ಪಾಲಿಯೆಸ್ಟರ್ ಜಾತಿಯದಾದರೆ ಗಾಳಿಯಲ್ಲಿರುವ ತೇವವೇ ಅದನ್ನು ಕಡಿದು ಹಾಕುತ್ತದೆ, ನೀವು ದಿನವೂ ಹಾಡು ಕೇಳಿದರೂ ಅಷ್ಟೇ, ಹೊದಿಸಿ ಮೂಲೆಯಲ್ಲಿಟ್ಟರೂ ಅಷ್ಟೇ. ನಾನು ಸ್ವತಃ ಮಾಡಿದೆ, ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ಮೊದಲ ರಿಂಗ್‌ಗೆ ₹550, ಕೊರಿಯರ್‌ಗೆ ₹120; ಹೊರಸುತ್ತಿನ ಅಳತೆ ಮಾತ್ರ ಕೊಟ್ಟು, ಉಬ್ಬಿನ ಅಗಲವನ್ನೂ ಒಳಸುತ್ತನ್ನೂ ಕೊಡದೆ ಹೋದದ್ದರಿಂದ ಅದು ದಂಡವಾಯಿತು. ಎರಡನೆಯದಕ್ಕೆ ₹650, ಮತ್ತೆ ಕೊರಿಯರ್ ₹120. ಹಳೆಯ ಅಂಟು ಬಿಡಿಸಲು ಐಸೊಪ್ರೊಪೈಲ್ ಆಲ್ಕೊಹಾಲ್ ₹240, ಅಂಟು ₹180, ಕೋನ್‌ನ ನಡುವಿನ ಮುಚ್ಚಳ, ಅಂದರೆ ಹೊಸ ಡಸ್ಟ್ ಕ್ಯಾಪ್, ₹60. ಒಟ್ಟು ₹1,920.

ಅಂಟಿಗಿಂತ ಹೆಚ್ಚು ತಾಳ್ಮೆ ಬೇಡುವುದು ಕಾಯಿಲನ್ನು ನಡುವಿಗೆ ತರುವ ಕೆಲಸ. ಡಸ್ಟ್ ಕ್ಯಾಪನ್ನು ಬ್ಲೇಡಿನಿಂದ ಬಿಡಿಸಿ, ಹಳೆಯ ಎಕ್ಸ್‌ರೇ ಫಿಲ್ಮಿನ ನಾಲ್ಕು ಪಟ್ಟಿಗಳನ್ನು ಕಾಯಿಲ್‌ಗೂ ನಡುವಿನ ಕಬ್ಬಿಣದ ಕಂಬಕ್ಕೂ ಮಧ್ಯೆ ತೂರಿಸಿ, ರಿಂಗ್ ಅಂಟಿಸಿ 24 ಗಂಟೆ ಹಾಗೆಯೇ ಬಿಟ್ಟ ಮೇಲೆ ಪಟ್ಟಿಗಳನ್ನು ಎಳೆದೆ. ಆರು ಮಳೆಗಾಲ ಕಳೆದಿವೆ, ಇಂದಿಗೂ ಒಂದು ಸೀಳಿಲ್ಲ. ಇಷ್ಟಕ್ಕೆ ಅಂಗಡಿಯವರ ಕೈಗೆ ಏಕೆ ಕೊಡಬೇಕು?

ಗದಗಿನ ನೊಂದವರು:
ಅಂಗಡಿಗೆ ಕೊಟ್ಟವನು ನಾನು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ₹1,400 ತೆಗೆದುಕೊಂಡು, ಒಂದು ವಾರವೆಂದು ಹೇಳಿ, ಮೂರು ವಾರ ಇಟ್ಟುಕೊಂಡರು. ಮನೆಗೆ ತಂದ ಎರಡನೇ ದಿನವೇ ಕಾಯಿಲ್ ಉಜ್ಜುವ ಕರಕರ ಶಬ್ದ ಶುರುವಾಯಿತು. ಮತ್ತೆ ಹೊತ್ತುಕೊಂಡು ಹೋದರೆ, ಮೊದಲಿನಿಂದಲೂ ಹಾಗೆಯೇ ಇತ್ತೆಂದು ಹೇಳಿ ಇನ್ನೂ ₹600 ಕೇಳಿದರು. ನಾಲ್ಕು ಸಲ ಹೋಗಿ ಬಂದ ಬಸ್ಸಿನ ಖರ್ಚು ₹680. ₹2,680 ಸುರಿದ ಮೇಲೆ ಕಾಯಿಲ್‌ನ ಲೇಪ ಸವೆದು ತಂತಿಗಳು ಒಂದಕ್ಕೊಂದು ತಾಗಿ, ಮೀಟರ್ ಒಂದು ಓಮ್ ತೋರಿಸಿತು. ಅದರ ಹಿಂದೆಯೇ ಆಂಪ್ಲಿಫೈಯರ್ ಕೂಡ ಹೋಯಿತು. ಒಳಗೆ ಯಾವ ಅಂಟು ಹಚ್ಚಿದ್ದರೆಂದು ಕೇಳಿದರೆ, ಸೈಕಲ್ ಪಂಕ್ಚರಿಗೆ ಹಾಕುವ ಸಲ್ಯೂಷನ್! ಅದು ತಾಗಿದ ಕ್ಷಣದಲ್ಲೇ ಕಚ್ಚಿಕೊಳ್ಳುತ್ತದೆ, ಅರ್ಧ ಮಿಲಿಮೀಟರ್ ಆಚೆ ಬಿದ್ದರೂ ಸರಿಸಲು ಬಿಡುವುದಿಲ್ಲ. ಈ ರಿಪೇರಿಯವರೆಲ್ಲ ಒಂದೇ ಎರಕದವರು.

ಶಿವಮೊಗ್ಗದ ರಿಪೇರಿಗಾರ:
‘ಎಲ್ಲ’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ ಸ್ವಾಮಿ. ಶಾಮಿಯಾನದವರ, ಆರ್ಕೆಸ್ಟ್ರಾದವರ ಸ್ಪೀಕರುಗಳಿಗೆ ಕೋನ್ ಹಾಕುತ್ತ ನನಗೆ 27 ವರ್ಷವಾಯಿತು. ಮರಳಿ ಬಂದವುಗಳಲ್ಲಿ ಹೆಚ್ಚಿನವು ಬಸ್ಸಿನ ಡಿಕ್ಕಿಯಲ್ಲಿ ಮುಖ ಅಡಿಯಾಗಿ ಬಿದ್ದು, ಅಂಟು ಒಣಗುವ ಮೊದಲೇ ಕೋನ್ ಜಗ್ಗಿದವು. ತಾವು ಹೇಗೆ ಒಯ್ದಿರೆಂದು ಬರೆದಿಲ್ಲ.

ಮಂಗಳೂರಿನ ಯಜಮಾನರಿಗೂ ಒಂದು ಮಾತು. ಕೆಡದ ಡಸ್ಟ್ ಕ್ಯಾಪ್ ಕತ್ತರಿಸುವುದು ಹೊಟ್ಟೆನೋವಿಗೆ ತಲೆ ಬೋಳಿಸಿದಂತೆ. ಸ್ಪೈಡರ್ ಗಟ್ಟಿಯಾಗಿದ್ದರೆ ಅದೇ ಕಾಯಿಲನ್ನು ಹಿಡಿದುಕೊಂಡಿರುತ್ತದೆ. ಒಳ ಅಂಚನ್ನು ಮೊದಲು ಅಂಟಿಸಿ ಒಣಗಲು ಬಿಡಬೇಕು. ಹೊರ ಅಂಚಿಗೆ ನಿಧಾನವಾಗಿ ಒಣಗುವ ಬಿಳಿ ಅಂಟು ಹಚ್ಚಿ, 30 ಹರ್ಟ್ಸ್ ಸ್ವರವನ್ನು ಸಣ್ಣದಾಗಿ ಹಾಕಿ, ಉಜ್ಜುವ ಸದ್ದು ಕೇಳಿದ ಕಡೆ ಬೆರಳಿನಿಂದ ಸರಿಪಡಿಸಬೇಕು. ಇದಕ್ಕೆ ಬ್ಲೇಡೂ ಬೇಡ, ಎಕ್ಸ್‌ರೇಯೂ ಬೇಡ.

ಗದಗಿನ ನೊಂದವರು:
ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಒಯ್ದೆ. ತಪ್ಪನ್ನು ಗಿರಾಕಿಯ ತಲೆಗೆ ಕಟ್ಟುವ ಕಲೆ ನಿಮ್ಮ ಕಸುಬಿನಲ್ಲಿ ಎಲ್ಲರಿಗೂ ಬರುತ್ತದೆ ಎಂಬುದು ಈಗ ಇನ್ನಷ್ಟು ಖಾತ್ರಿಯಾಯಿತು.

ಬೆಂಗಳೂರಿನ ಹೊಸ ಡ್ರೈವರಿನವರು:
ಅಂಟು ಹಚ್ಚುತ್ತ ಕೂರುವ ವಯಸ್ಸು ನನ್ನದಲ್ಲ. ಎಸ್.ಪಿ. ರಸ್ತೆಗೆ ಹೋಗಿ ₹4,800 ಕೊಟ್ಟು, ರಬ್ಬರ್ ಅಂಚಿನ ಹೊಸ 12 ಇಂಚಿನ ಡ್ರೈವರ್ (ಪೆಟ್ಟಿಗೆಗೆ ಕೂರಿಸುವ ಸ್ಪೀಕರ್) ತಂದೆ. ಪೆಟ್ಟಿಗೆಯ ರಂಧ್ರ 278 ಮಿ.ಮೀ. ಇತ್ತು, ಹೊಸದಕ್ಕೆ 282 ಬೇಕಿತ್ತು. ಆ ನಾಲ್ಕು ಮಿಲಿಮೀಟರ್ ಕೆತ್ತಲು ಬಡಗಿ ₹700 ತೆಗೆದುಕೊಂಡ. ಹಳೆಯದನ್ನು ಗುಜರಿಗೆ ಹಾಕಿದೆ, ₹150 ಬಂತು. ಬಾಸ್ ಮೊದಲಿಗಿಂತ ಸ್ವಲ್ಪ ಗುಂಯ್‌ಗುಡುತ್ತದೆ ಎಂದು ಮನೆಯವಳು ಹೇಳುತ್ತಾಳೆ, ನನಗೆ ಹಾಗನ್ನಿಸಿಲ್ಲ. ಫೋಮ್ ಹಾಕಿದವರು ಇನ್ನು 15 ವರ್ಷಕ್ಕೆ ಮತ್ತೆ ಇದೇ ಪ್ರಶ್ನೆ ಕೇಳಲು ಬರುತ್ತೀರಿ. ಬ್ಯುಟೈಲ್ ರಬ್ಬರಿಗೆ ಆ ಗತಿಯಿಲ್ಲ.

ಶಿವಮೊಗ್ಗದ ರಿಪೇರಿಗಾರ:
ಸುಸ್ಥಿತಿಯ ಮ್ಯಾಗ್ನೆಟ್ಟು, ಕಾಯಿಲ್ಲು, ಕೋನು ಇದ್ದ ಡ್ರೈವರನ್ನು ₹150ಕ್ಕೆ ಮಾರಿದಿರಾ? ನನಗೆ ಕೊಟ್ಟಿದ್ದರೆ ₹1,000 ಕೊಡುತ್ತಿದ್ದೆ. ಗುಂಯ್‌ಗುಡುವುದು ಮನೆಯವರ ಕಿವಿಯ ದೋಷವಲ್ಲ. ಆ ಪೆಟ್ಟಿಗೆಯ ಗಾತ್ರವನ್ನು ಹಳೆಯ ಡ್ರೈವರಿಗೆಂದು ಅಳೆದು ಮಾಡಿದ್ದರು.

ಮಂಗಳೂರಿನ ಕೇಳುಗ:
ರಬ್ಬರು ಹೆಚ್ಚು ಬಾಳುತ್ತದೆ, ಒಪ್ಪುತ್ತೇನೆ. ಆದರೆ ಫೋಮ್‌ಗೆಂದು ರೂಪಿಸಿದ ಕೋನ್‌ಗೆ ರಬ್ಬರ್ ಕೂರಿಸಿದರೆ ಭಾರವೂ ಬಿಗಿಯೂ ಬದಲಾಗಿ ಅನುರಣನದ ಆವರ್ತನ (ಕೋನ್ ತಾನಾಗಿ ಕಂಪಿಸುವ ಸ್ವರ) ಸರಿಯುತ್ತದೆ, ಕೆಳಸ್ವರಗಳು ಮಂಕಾಗುತ್ತವೆ.

ಶಿವಮೊಗ್ಗದ ರಿಪೇರಿಗಾರ:
ಪೋರ್ಟ್, ಅಂದರೆ ಗಾಳಿ ಆಡುವ ಕಿಂಡಿ, ಇರುವ ಪೆಟ್ಟಿಗೆಗೆ ಆ ಮಾತು ಸಲ್ಲುತ್ತದೆ. ಕೇಳಿದವರದು ಮುಚ್ಚಿದ ಪೆಟ್ಟಿಗೆ. ಅಲ್ಲಿ ಕೋನನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗು ಮುಖ್ಯವಾಗಿ ಪೆಟ್ಟಿಗೆಯೊಳಗಿನ ಗಾಳಿಯೇ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಎಂಬ ಸ್ಪೀಕರ್ ಮಾಡಿದ್ದು ಈ ತತ್ತ್ವದ ಮೇಲೆಯೇ. ಅಂಚು ತುಸು ಬಿಗಿಯಾದರೆ ಅಷ್ಟೇನೂ ಕೆಡುವುದಿಲ್ಲ. ಗಾಳಿ ಸೋರದಂತೆ ಅಂಟಿಸುವುದೇ ಅಲ್ಲಿ ದೊಡ್ಡ ಕೆಲಸ.

ಗದಗಿನ ನೊಂದವರು:
ಇಷ್ಟು ತಿಳಿದವರ ಕಸುಬಿನಲ್ಲಿ ಪಂಕ್ಚರ್ ಸಲ್ಯೂಷನ್ ಹೇಗೆ ಬಂತು ಎಂಬುದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಮೈಸೂರಿನ ಪ್ರಶ್ನೆಗಾರ:
ತಮ್ಮೆಲ್ಲರಿಗೂ ವಂದನೆಗಳು. ಒಳ ಅಂಚು ಹಿಂಬದಿಗೆ ಅಂಟಿರುವ ವಿಷಯ ಹಾಗೆಯೇ ಉಳಿದಿದೆ. ತಂದೆಯವರ ಮೊಣಕಾಲಿನ ಎಕ್ಸ್‌ರೇ ಮನೆಯಲ್ಲಿದೆ, ಕತ್ತರಿಸಲೇ?

ಶಿವಮೊಗ್ಗದ ರಿಪೇರಿಗಾರ:
ಹಿಂಬದಿಯದಾದರೆ ಫೋಮೇ ಒಳ್ಳೆಯದು. ಮೆತ್ತಗಿರುವುದರಿಂದ ಕೋನ್‌ನ ಅಂಚಿನ ಕೆಳಗೆ ಸುತ್ತಲೂ ತೂರಿಸಬಹುದು, ರಬ್ಬರು ಅಷ್ಟು ಸುಲಭವಾಗಿ ಬಾಗುವುದಿಲ್ಲ. ಹಿಂಬದಿಯ ಹಳೆಯ ಅಂಟನ್ನು ಪೂರ್ತಿ ತೆಗೆಯಿರಿ. ಎಕ್ಸ್‌ರೇ ತಂದೆಯವರಿಗೇ ಇರಲಿ.

ಮಂಗಳೂರಿನ ಕೇಳುಗ:
ಕತ್ತರಿಸಿ. ನಾಲ್ಕು ಪಟ್ಟಿ ಸಾಕು, ಮೊಣಕಾಲು ಇರುವ ಭಾಗ ಉಳಿಯುತ್ತದೆ. ಹೊಸ ಡಸ್ಟ್ ಕ್ಯಾಪ್‌ಗೆ ₹60 ತೆಗೆದಿಡಿ. ಈಗ ₹80 ಆಗಿದೆ ಎಂದು ಕೇಳಿದೆ.