ಮನೆಯವರ ಮೇಲೆ ಕೇಸ್ ಆದಾಗ ಚಾನೆಲ್‌ನವರು ಗೇಟಿಗೆ ಬಂದರೆ?

ಬೇತೂರುರಸ್ತೆ:
ಭಾವನ ಮೇಲೆ ಚೀಟಿ ವ್ಯವಹಾರದ ವಂಚನೆ ಕೇಸು, ಬಂಧನವೂ ಆಗಿದೆ. ಅಕ್ಕನ ಹೆಸರು ಎಫ್‌ಐಆರ್‌ನಲ್ಲಿ ಇಲ್ಲ. ಆದರೂ ಚಾನೆಲ್‌ನವರು, ಯೂಟ್ಯೂಬಿನವರು ಗೇಟಿನಲ್ಲೇ ನಿಂತಿದ್ದಾರೆ. ದುಡ್ಡು ಕಟ್ಟಿದವರನ್ನೂ ಜೊತೆಗೆ ಕರೆದುಕೊಂಡು ಬರ್ತಿದ್ದಾರೆ. ಅಕ್ಕನ ಫೇಸ್‌ಬುಕ್‌ನಿಂದ ಫ್ಯಾಮಿಲಿ ಫೋಟೊ ತೆಗೆದು ತೋರಿಸ್ತಿದ್ದಾರೆ, ಅದರಲ್ಲಿ ಎಸ್ಸೆಸ್ಸೆಲ್ಸಿ ಓದೋ ಮಗಳೂ ಇದ್ದಾಳೆ. ‘ಮಾತಾಡದಿದ್ರೆ ತಪ್ಪು ಒಪ್ಪಿಕೊಂಡ ಹಾಗೆ’ ಅಂತಾರೆ. ಮಾತಾಡಬೇಕಾ, ಬೇಡವಾ? ಫೇಸ್‌ಬುಕ್ ಅಕೌಂಟ್ ಡಿಲೀಟ್ ಮಾಡಿಸಲಾ?

ವಕಾಲತ್ತು_ನಾಮೆ:
ಡಿಲೀಟ್ ಮಾತ್ರ ಬೇಡ. ಕೇಸ್ ಆದಮೇಲೆ ಅಕೌಂಟ್, ವಾಟ್ಸಾಪ್ ಚಾಟ್, ಚೀಟಿ ಗುಂಪು ಇವನ್ನೆಲ್ಲ ಅಳಿಸಿದರೆ ಸಾಕ್ಷ್ಯನಾಶ ಅಂತ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 238 ತಲೆಮೇಲೆ ಬರಬಹುದು. ಈಗ ಹೊರಗಿರುವ ಅಕ್ಕನೂ ಆರೋಪಿ ಪಟ್ಟಿಗೆ ಸೇರುವ ದಾರಿ ಅದು. ಅಳಿಸದೆ ಮುಚ್ಚಿ: ಪ್ರೊಫೈಲ್ ಲಾಕ್, ಹಳೆಯ ಪೋಸ್ಟ್‌ಗಳೆಲ್ಲ ಸ್ನೇಹಿತರಿಗೆ ಮಾತ್ರ, ವಾಟ್ಸಾಪ್ ಡಿಪಿ ಯಾರಿಗೂ ಕಾಣದ ಹಾಗೆ. ನೆಂಟರು ಟ್ಯಾಗ್ ಮಾಡಿದ ಮದುವೆ ಫೋಟೊಗಳನ್ನು ಮರೀಬೇಡಿ, ಎಷ್ಟೋ ಸಲ ಫೋಟೊ ಸಿಗೋದು ಅಲ್ಲಿಂದಲೇ.

ಮಾತಾಡಬೇಡಿ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ (ಬಿಎಸ್‌ಎ) ಸೆಕ್ಷನ್ 23ರ ಪ್ರಕಾರ ಸಾಕ್ಷ್ಯವಾಗಲ್ಲ. ವರದಿಗಾರರ ಮೈಕಿಗೆ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ, ತನಿಖಾಧಿಕಾರಿ ಆ ತುಣುಕನ್ನೇ ತರಿಸಿಕೊಳ್ಳಬಹುದು. ಚೀಟಿ ಕೇಸಿನಲ್ಲಿ ಜನ ಜಾರೋದು ಒಂದೇ ಮಾತಿನಲ್ಲಿ: ‘ಎಲ್ಲರ ದುಡ್ಡೂ ವಾಪಸ್ ಕೊಡ್ತೀವಿ.’ ಗಂಡನ ಮರ್ಯಾದೆ ಉಳಿಸೋಕೆ ಹೆಂಡತಿ ಇದನ್ನು ಹೇಳಿದರೆ, ವ್ಯವಹಾರ ತನಗೂ ಗೊತ್ತಿತ್ತು, ಬಾಕಿಯೂ ಇದೆ ಎಂದು ಒಪ್ಪಿಕೊಂಡ ಹಾಗೆ ಓದಿಕೊಳ್ಳುತ್ತಾರೆ. ಗಲಾಟೆಗೆ ಹೆದರಿ ಒಬ್ಬಿಬ್ಬರಿಗೆ ಸದ್ದಿಲ್ಲದೆ ಹಣ ಕೊಡೋದೂ ಬೇಡ. 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಹಾಕಿದರೆ ಆಸ್ತಿ ಜಪ್ತಿಯಾಗಿ, ಹಂಚಿಕೆ ಸಕ್ಷಮ ಪ್ರಾಧಿಕಾರದ (ಅದಕ್ಕೆಂದು ಸರ್ಕಾರ ನೇಮಿಸಿದ ಅಧಿಕಾರಿಯ) ಕೈಗೆ ಹೋಗುತ್ತೆ. ಆಗ ಆ ಪಾವತಿಗೂ ಲೆಕ್ಕ ಕೇಳ್ತಾರೆ. ಇನ್ನೊಂದು ವಿಷಯ, ಗೇಟಿಗೆ ಬಂದ ಚೀಟಿದಾರರೇ ನಾಳೆ ಸಾಕ್ಷಿಗಳು. ಅವರ ಜೊತೆ ಜಗಳವಾಡಿದರೆ ಸಾಕ್ಷಿಗೆ ಬೆದರಿಕೆ ಎಂದು ಜಾಮೀನಿಗೆ ಆಕ್ಷೇಪಣೆ ಬರುತ್ತೆ.

ರಸ್ತೆಯಲ್ಲಿ ನಿಂತು ಚಿತ್ರೀಕರಿಸುವುದನ್ನು ತಡೆಯೋಕೆ ಆಗಲ್ಲ. ಬೇಡ ಅಂದಮೇಲೂ ಗೇಟಿನೊಳಗೆ ಬಂದರೆ ಅತಿಕ್ರಮ ಪ್ರವೇಶ (ಬಿಎನ್‌ಎಸ್ 329). ಒಮ್ಮೆ ಬಾಯಿಮಾತಲ್ಲಿ ಹೇಳಿ, ನಿಮ್ಮ ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡು 112ಕ್ಕೆ ಕರೆ ಮಾಡಿ. ಕ್ಯಾಮೆರಾಗೆ ಕೈ ತಾಗಿಸಬೇಡಿ, ತಳ್ಳಿದರೆ ಅದೇ ಅವತ್ತಿನ ಬ್ರೇಕಿಂಗ್.

ರಾತ್ರಿಪಾಳಿ_ಡೆಸ್ಕ್:
ಸುದ್ದಿಮನೆ ಕಡೆಯಿಂದ ಸ್ವಲ್ಪ. ಗೇಟಿನಲ್ಲಿರೋ ವರದಿಗಾರರಿಗೆ ಬೇಕಾಗಿರೋದು ಬೈಟ್ (ಕ್ಯಾಮೆರಾ ಮುಂದೆ ಆಡಿದ ಮಾತು), ಸಿಗದಿದ್ದರೆ ಫೋನೋ (ಫೋನಿನಲ್ಲಿ ಆಡಿದ ಮಾತಿನ ಧ್ವನಿ), ಅದೂ ಇಲ್ಲದಿದ್ದರೆ ವಿಷುವಲ್ಸ್, ಅಂದರೆ ಬರೀ ದೃಶ್ಯ. ಹೊಸ ದೃಶ್ಯ ಸಿಗದ ಸುದ್ದಿ ತಾನಾಗೇ ಕೆಳಗೆ ಇಳಿಯುತ್ತೆ. ಮುಖ ಮುಚ್ಚಿಕೊಂಡು ಓಡುವ ಹೆಂಗಸಿನ ಹತ್ತು ಸೆಕೆಂಡ್ ತುಣುಕು ಸಿಕ್ಕಿದರೆ ವಾರಗಟ್ಟಲೆ ತಿರುಗಿಸ್ತಾರೆ. ಅದಕ್ಕೇ ಓಡಬೇಡಿ, ಸಾಧಾರಣವಾಗಿ ನಡೆದು ಹೋಗಿ. ಕಾರನ್ನು ಕಾಂಪೌಂಡ್ ಒಳಗೇ ನಿಲ್ಲಿಸಿ ಹತ್ತಿ.

‘ಮಾತಾಡದಿದ್ರೆ ಒಪ್ಪಿಕೊಂಡ ಹಾಗೆ’ ಅನ್ನೋದು ಬೈಟ್ ತೆಗೆಯುವ ಹಳೇ ಪಟ್ಟು. ಆದರೆ ಏನೂ ಕೊಡದಿದ್ದರೆ ‘ಕುಟುಂಬ ನಾಪತ್ತೆ’ ಅಂತ ಬರೆಯೋಕೆ ಜಾಗ ಸಿಗುತ್ತೆ. ಅದಕ್ಕೆ ಒಂದೇ ಒಂದು ಲಿಖಿತ ಹೇಳಿಕೆ ಕೊಡಿ. ವಕೀಲರ ಲೆಟರ್‌ಹೆಡ್‌ನಲ್ಲಿ, ನಾಲ್ಕು ವಾಕ್ಯ ಮೀರದಂತೆ:

‘ನಮ್ಮ ಕುಟುಂಬದ ಸದಸ್ಯರೊಬ್ಬರ ವಿರುದ್ಧ ಪ್ರಕರಣ ದಾಖಲಾಗಿದೆ. ಕುಟುಂಬ ಕಾನೂನು ಪ್ರಕ್ರಿಯೆಗೆ ಸಹಕರಿಸುತ್ತದೆ. ವಿಷಯ ನ್ಯಾಯಾಲಯದ ಮುಂದಿರುವುದರಿಂದ ಹೆಚ್ಚಿನ ಪ್ರತಿಕ್ರಿಯೆ ನೀಡುವುದಿಲ್ಲ. ಮನೆಯಲ್ಲಿ ಅಪ್ರಾಪ್ತ ವಯಸ್ಸಿನ ಮಗುವಿದ್ದು, ಆ ಮಗುವಿನ ಹೆಸರು ಮತ್ತು ಚಿತ್ರ ಬಳಸಬಾರದೆಂದು ಕೋರುತ್ತೇವೆ.’

‘ಸುಳ್ಳು ಕೇಸು’, ‘ರಾಜಕೀಯ ಷಡ್ಯಂತ್ರ’ ಅಂತ ಸೇರಿಸಬೇಡಿ. ಸೇರಿಸಿದರೆ ದೂರುದಾರರ ಪ್ರತಿಕ್ರಿಯೆ ತಗೊಂಡು ಎರಡನೇ ದಿನದ ಸುದ್ದಿ ಮಾಡ್ತಾರೆ. ಮಧ್ಯಾಹ್ನದೊಳಗೆ ಎಲ್ಲರಿಗೂ ಒಟ್ಟಿಗೆ ಕಳಿಸಿ, ಪತ್ರಿಕೆಗಳ ಜಿಲ್ಲಾ ಪುಟಕ್ಕೂ ಸಂಜೆ ಬುಲೆಟಿನ್‌ಗೂ ಸಿಗಬೇಕು. ಪಿಡಿಎಫ್ ಜೊತೆ ಟೆಕ್ಸ್ಟ್ ಕೂಡ ಇರಲಿ. ವಾಯ್ಸ್ ನೋಟ್ ಬೇಡವೇ ಬೇಡ, ಫೋಟೊ ಮೇಲೆ ಅದನ್ನು ಕೂರಿಸಿದರೆ ಅದೇ ಫೋನೋ. ‘ಆಫ್ ದಿ ರೆಕಾರ್ಡ್’ ಮಾತನ್ನೂ ನಂಬಬೇಡಿ.

ಬೇತೂರುರಸ್ತೆ:
ತುಂಬಾ ಉಪಕಾರ ಆಯ್ತು. ಮಗಳ ಫೋಟೊ ತೋರಿಸಿದ್ದು ಕಾನೂನು ಪ್ರಕಾರ ಅಪರಾಧ ಅಲ್ವಾ? ಬಾಲನ್ಯಾಯ ಕಾಯ್ದೆ ಅಂತ ಒಬ್ಬರು ಹೇಳಿದರು.

ಕಡತ_ಸಂಖ್ಯೆ:
ಆ ಕಾಯ್ದೆಯ ಸೆಕ್ಷನ್ 74 ರಕ್ಷಿಸುವುದು ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು, ಪಾಲನೆ–ರಕ್ಷಣೆ ಬೇಕಾದ ಮಗು, ಸಂತ್ರಸ್ತ ಅಥವಾ ಸಾಕ್ಷಿಯಾದ ಮಗುವನ್ನು. ಆರೋಪಿಯ ಮಗಳು ಅನ್ನೋ ಒಂದೇ ಕಾರಣಕ್ಕೆ ಅದು ಅನ್ವಯಿಸಲ್ಲ. ನೋಟಿಸಿನಲ್ಲಿ ಅದನ್ನು ಬರೆದರೆ ಎದುರು ವಕೀಲರು ಒಂದೇ ಸಾಲಲ್ಲಿ ತಳ್ಳಿಹಾಕ್ತಾರೆ. ನಿಮಗೆ ಆಧಾರ ಬೇರೆ ಕಡೆ ಇದೆ. ಸಂಬಂಧವಿಲ್ಲದ ನಿರಪರಾಧಿ ಬಂಧುಗಳನ್ನು ಸುದ್ದಿಯಲ್ಲಿ ಹೆಸರಿಸಬಾರದು ಅಂತ ಭಾರತೀಯ ಪತ್ರಿಕಾ ಮಂಡಳಿಯ ನಡತೆ ನಿಯಮಗಳಲ್ಲೇ ಇದೆ. ಟಿವಿಯವರಿಗೆ ಖಾಸಗಿತನದ ಉಲ್ಲಂಘನೆ ಅಂತ ಬರೆಯಿರಿ.

ಮೊದಲು ಪುರಾವೆ. ತುಣುಕುಗಳು ಸದ್ದಿಲ್ಲದೆ ಮಾಯವಾಗ್ತವೆ, ಹಾಗಾಗಿ ಸ್ಕ್ರೀನ್ ರೆಕಾರ್ಡ್ ಇವತ್ತೇ ಆಗಲಿ. ಚಾನೆಲ್, ಕಾರ್ಯಕ್ರಮ, ದಿನಾಂಕ, ಸಮಯ, ಲಿಂಕ್ ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಫೋನಿನಲ್ಲಿ ಇಳಿಸಿಕೊಂಡಿರೋ ಅದನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಮುಂದೆ ಕೋರ್ಟಿಗೆ ಕೊಡುವಾಗ ಬಿಎಸ್‌ಎ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಸಾಧನದ ವಿವರ ಮತ್ತು ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಅಕ್ಷರ–ಅಂಕಿಗಳ ಗುರುತು) ಕೇಳುತ್ತೆ.

ಟಿವಿ ವಿರುದ್ಧ ಮೊದಲ ದೂರು ಚಾನೆಲ್‌ಗೇ, ಮೊದಲ ಪ್ರಸಾರದಿಂದ 7 ದಿನದೊಳಗೆ. ಉತ್ತರ ಬಾರದಿದ್ದರೆ, ಬಂದರೂ ಸಮಾಧಾನ ಆಗದಿದ್ದರೆ ಸುದ್ದಿ ವಾಹಿನಿಗಳೇ ಕಟ್ಟಿಕೊಂಡ ದೂರು ಪ್ರಾಧಿಕಾರ ಎನ್‌ಬಿಡಿಎಸ್‌ಎಗೆ 14 ದಿನದೊಳಗೆ. ಅದರ ಸದಸ್ಯ ಚಾನೆಲ್‌ಗಳಿಗೆ ಮಾತ್ರ ಈ ದಾರಿ, ಅದಕ್ಕೇ ಪಟ್ಟಿ ನೋಡಿಕೊಳ್ಳಿ. ದಿನಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಪತ್ರ, ಆಮೇಲೆ 2 ತಿಂಗಳೊಳಗೆ ಪತ್ರಿಕಾ ಮಂಡಳಿಗೆ. ಮಂಡಳಿ ದಂಡ ಹಾಕಲ್ಲ, ಛೀಮಾರಿ ಹಾಕುತ್ತೆ ಅಷ್ಟೆ. ದೂರು ಬಿದ್ದುಹೋಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ‘ಭಾವ ನಿರಪರಾಧಿ’ ಅಂತ ಪುಟಗಟ್ಟಲೆ ಬರೆಯೋದು. ಕೇಸಿನ ಸತ್ಯಾಸತ್ಯ ಅವರು ನೋಡಲ್ಲ, ಯಾವ ನಿಮಿಷದಲ್ಲಿ ಏನು ತೋರಿಸಿದರು ಅನ್ನೋದಷ್ಟೇ ಬೇಕು. ಎರಡು, ಅದೇ ವರದಿ ಬಗ್ಗೆ ಮಾನನಷ್ಟ ದಾವೆಯನ್ನೂ ಹೂಡಿರೋದು. ಕೋರ್ಟಿನಲ್ಲಿರುವ ವಿಷಯವನ್ನು ಈ ಎರಡೂ ಸಂಸ್ಥೆ ಮುಟ್ಟಲ್ಲ. ಮಾನನಷ್ಟದ ಸಿವಿಲ್ ದಾವೆಗೆ ಪ್ರಕಟಣೆಯಿಂದ 1 ವರ್ಷ ಕಾಲಾವಕಾಶ ಇದೆ, ಅವಸರ ಬೇಡ.

ತಡೆಯಾಜ್ಞೆ ತಂದರೆ ಎಲ್ಲ ನಿಂತುಹೋಗುತ್ತೆ ಅಂತ ಯಾರಾದರೂ ಹೇಳಿದರೆ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಕೇಸಿನಲ್ಲಿ ಬಂದ 2024ರ ತೀರ್ಪು ಓದಿಸಿ. ವಿಚಾರಣೆಗೆ ಮುಂಚೆ, ಎದುರಿನವರನ್ನು ಕೇಳದೆ ಪ್ರಕಟಣೆ ತಡೆಯೋದು ಅಪರೂಪಕ್ಕೆ ಮಾತ್ರ ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ವಕಾಲತ್ತು_ನಾಮೆ:
ಒಂದು ಸೇರಿಸ್ತೀನಿ. ಚಾರ್ಜ್‌ಶೀಟ್ ಹಾಕಿದ ದಿನ ಎರಡನೇ ಅಲೆ ಬರುತ್ತೆ. ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆಯಲ್ಲ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ ಪುಟಗಳು ಸೋರ್ತವೆ. ನಿಮ್ಮ ಪ್ರತಿ ನೆಂಟರ ವಾಟ್ಸಾಪ್ ಗುಂಪಿಗೆ ಹೋಗದ ಹಾಗೆ ನೋಡಿಕೊಳ್ಳಿ, ಸೋರಿದ್ದು ನಿಮ್ಮ ಕಡೆಯಿಂದ ಅಂದರೆ ಬಾಯಿಬಿಡೋ ಹಾಗಿರಲ್ಲ.

ತರಗತಿ_ಹತ್ತು:
ಮಗಳ ವಿಷಯಕ್ಕೆ: ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಕೊಡಿ. ಕರೆದುಕೊಂಡು ಹೋಗಲು ಬರುವ ಇಬ್ಬರ ಹೆಸರು, ಬೇರೆ ಯಾರ ಜೊತೆಗೂ ಕಳಿಸಬಾರದು, ಹೊರಗಿನವರಿಗೆ ಅವಳ ಮಾಹಿತಿ ಕೊಡಬಾರದು, ಇಷ್ಟೇ ಸಾಕು. ಕೇಸಿನ ವಿವರ ಬರೆಯಬೇಡಿ. ಮನೆಯಲ್ಲಿ ಟಿವಿ ಆಫ್ ಮಾಡಿದರೂ ಕ್ಲಾಸ್ ಗುಂಪಿನಲ್ಲಿ ಕ್ಲಿಪ್ ಬಂದೇ ಬರುತ್ತೆ. ಅವಳಿಗೆ ನೀವೇ ಮೊದಲು ಹೇಳಿಬಿಡಿ. ಯಾರಾದರೂ ಕೇಳಿದರೆ ‘ನಂಗೆ ಆ ಬಗ್ಗೆ ಮಾತಾಡೋಕಿಲ್ಲ’ ಅನ್ನೋ ಒಂದು ಉತ್ತರ ರೂಢಿ ಮಾಡಿಸಿ. ನಿದ್ದೆ, ಊಟ ಎರಡು ವಾರ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮನಸ್ 14416, ಕನ್ನಡದಲ್ಲೇ ಮಾತಾಡಬಹುದು.